ಹಲಗೆ ಕೆಳಗಿಟ್ಟ ಕೈ

ಮೂರು ವರ್ಷದ ಹಿಂದಿನ ಹೋಳಿ ಹುಣ್ಣಿಮೆ. ನವಲಗುಂದ ತಾಲ್ಲೂಕಿನ ನಮ್ಮೂರಿನಲ್ಲಿ, ಕಾಮಣ್ಣನನ್ನು ಕೂರಿಸಿದ ಕಟ್ಟೆಯ ಮುಂದೆ ನಾನು ರೆಕಾರ್ಡರ್ ಹಿಡಿದು ಕೂತಿದ್ದೆ. ಪಿಎಚ್.ಡಿ.ಗೆ ಹೆಸರು ಹಚ್ಚಿ ಆಗಿನ್ನೂ ಆರು ತಿಂಗಳು. ವಿಷಯ ಹೋಳಿ ಪದಗಳು. ಹಾಡುವವರು ಐದಾರು ಮಂದಿ, ಹಲಗೆ ಬಾರಿಸುವವರು ನಾಲ್ವರು. ಮೊದಲ ಪದ ಮುಗಿದ ಮೇಲೆ ಹಚ್ಚಿ ಕೇಳಿದರೆ ಹಲಗೆಯ ಸದ್ದಿನಲ್ಲಿ ಒಂದು ನುಡಿಯೂ ಹಸನಾಗಿ ತಿಳಿಯುತ್ತಿರಲಿಲ್ಲ. ಹಲಗೆಯವರಲ್ಲಿ ಹಿರಿಯರಾದವರ ಹತ್ತಿರ ಹೋಗಿ, ‘ಕಾಕಾ, ಹಲಗಿ ಸ್ವಲ್ಪ ನಿಂದ್ರಸ್ತೀರೇನು? ಪದಾನ ತಿಳೀವಲ್ದು’ ಎಂದೆ.

‘ಆತ್ರೀ ಸರ’ ಎಂದು ಅವರು ಹಲಗೆಯನ್ನು ಕೆಳಗಿಟ್ಟರು. ಉಳಿದ ಮೂವರೂ ಇಟ್ಟರು. ನಾಲ್ವರೂ ಗೋಡೆಗೆ ಆತು ಕೂತು ಬೀಡಿ ಹಚ್ಚಿದರು. ಹಾಡುವವರು ಹಾಡಿದರು. ಆ ರಾತ್ರಿ ನನಗೆ 22 ಪದ ಸಿಕ್ಕವು, ಒಂದೊಂದು ಅಕ್ಷರವೂ ಸ್ಪಷ್ಟ. ಏಳುವಾಗ ಆ ಹಿರಿಯರು, ‘ಪದಾ ಎಲ್ಲಾ ಸಿಕ್ಕುವೇನ್ರಿ?’ ಎಂದು ಕೇಳಿದ್ದು, ನಾನು ಖುಷಿಯಿಂದ ‘ಸಿಕ್ಕು ಕಾಕಾ’ ಎಂದದ್ದು ನೆನಪಿದೆ.

ಧಾರವಾಡದ ಹಾಸ್ಟೆಲಿನಲ್ಲಿ ಕೂತು ಬರೆದುಕೊಳ್ಳುವಾಗ ಒಂದು ವಿಚಿತ್ರ ಕಾಣತೊಡಗಿತು. ಸಾಲುಗಳು ಕುಂಟುತ್ತಿದ್ದವು. ಎರಡನೇ ಸಾಲಿನ ಕೊನೆಗೆ ಮಾತ್ರೆಗಳು ಕಡಿಮೆ ಬೀಳುತ್ತಿದ್ದವು. ಪಲ್ಲವಿ ಬರಬೇಕಾದಲ್ಲಿ ಹಾಡುವವರು ಒಂದು ಕ್ಷಣ ತಡೆದು, ಯಾವುದಕ್ಕೋ ಕಾದು, ಅದು ಬಾರದಿದ್ದಾಗ ಗಡಿಬಿಡಿಯಲ್ಲಿ ಮುಂದಿನ ನುಡಿ ಎತ್ತಿಕೊಳ್ಳುತ್ತಿದ್ದರು. ಆ ಖಾಲಿ ಜಾಗ ಹಲಗೆಯದಾಗಿತ್ತು. ಸಾಲಿನ ಉಳಿದರ್ಧವನ್ನು ಹಲಗೆ ಹೇಳಬೇಕಿತ್ತು. ನಾನು ಅದರ ಬಾಯಿ ಮುಚ್ಚಿಸಿ ಬಂದಿದ್ದೆ.

ಇದು ನನ್ನ ಅವಿವೇಕ, ನಿಜ. ಆದರೆ ಕನ್ನಡ ಜಾನಪದ ಅಧ್ಯಯನ ಹಿಡಿದು ಬಂದ ದಾರಿಯಲ್ಲಿಯೇ ನಾನೂ ನಡೆದಿದ್ದೆ ಎಂಬುದು ಆಮೇಲೆ ತಿಳಿಯಿತು. ನಾವು ನುಡಿಯನ್ನು ಕೂಡಿಹಾಕಿದೆವು, ನಾದವನ್ನು ಬಿಟ್ಟೆವು. ಈಗೀಗ ನಾದವನ್ನು ಹೊಗಳಲು ಕಲಿತಿದ್ದೇವೆ, ಆದರೆ ಅದು ಹುಟ್ಟುವ ತೊಗಲನ್ನೂ ಆ ತೊಗಲನ್ನು ಹದಕ್ಕೆ ತರುವ ಕೈಯನ್ನೂ ಇನ್ನೂ ಓದಿಲ್ಲ. ಹಲಗೆಯ ಬಗ್ಗೆ ಬರೆಯುವುದಾದರೆ ಅಲ್ಲಿಂದಲೇ ಶುರುಮಾಡಬೇಕು ಎಂಬುದು ಈ ಬರಹದ ವಾದ.

*

ಮೊದಲು ಹಿರಿಯರ ಋಣ ಹೇಳಬೇಕು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ತಂದಾಗ, ಅವರ ಕೈಯಲ್ಲಿ ಇದ್ದದ್ದು ಕಾಗದ ಮತ್ತು ಲೇಖನಿ. ಅಚ್ಚಿನ ಪುಟ ಹಿಡಿದಿಡಬಲ್ಲದ್ದು ನುಡಿಯನ್ನು ಮಾತ್ರ. ಬೀಸುಕಲ್ಲಿನ ಗರಗರವನ್ನು ಅವರು ಅಚ್ಚು ಹಾಕಲಿಲ್ಲ ಎಂದು ದೂರುವುದು ಸಲ್ಲದು. ಕನ್ನಡ ಜನಪದ ಗೀತೆಗಳ ಮೇಲೆ ಮೊದಲ ಡಾಕ್ಟರೇಟ್ ಪಡೆದ ಬಿ.ಎಸ್. ಗದ್ದಗಿಮಠರು ಈ ಹಾಡುಗಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದರು. ಅದಿಲ್ಲದಿದ್ದರೆ ನನ್ನಂಥವರು ಇವತ್ತು ಹೋಳಿ ಪದದ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೇಳುವ ಹಾಗೇ ಇರಲಿಲ್ಲ.

ಆದರೆ ಕಾಗದ ಬಿಟ್ಟು ಟೇಪು ಬಂತು, ಟೇಪು ಹೋಗಿ ಮೊಬೈಲು ಬಂತು. ನಮ್ಮ ಕಿವಿ ಮಾತ್ರ ಕಾಗದದ ಕಾಲದ್ದೇ ಉಳಿಯಿತು. ನಮ್ಮ ವರ್ಗೀಕರಣಗಳನ್ನೇ ನೋಡಿ. ಊರಿನ ಜನ ‘ದಪ್ಪಿನ ಪದ’, ‘ಚೌಡಕಿ ಪದ’ ಎನ್ನುತ್ತಾರೆ. ಹಾಡಿಗೆ ಹೆಸರು ಕೊಟ್ಟದ್ದು ವಾದ್ಯ. ನಮ್ಮ ಸಂಪುಟಗಳಲ್ಲಿ ಹೆಸರು ಉಳಿದಿದೆ, ದಪ್ಪು ಮುನ್ನುಡಿಯ ಎರಡು ಸಾಲಿಗೆ ಇಳಿದಿದೆ. ‘ಚರ್ಮವಾದ್ಯ’ ಎಂಬ ತಲೆಬರಹದ ಕೆಳಗೆ ಅದರ ಅಗಲ, ಅದರ ಕೋಲು, ಅದನ್ನು ಬಾರಿಸುವ ಸಂದರ್ಭ. ಅಲ್ಲಿಗೆ ಮುಗಿಯಿತು. ಕುಂದಗೋಳದ ಸೀಮೆ ದಾಟಿದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವೇ ಇದೆ. ಇಷ್ಟು ಹತ್ತಿರ ಇಷ್ಟು ದೊಡ್ಡ ವ್ಯವಸ್ಥೆ ಇರುವಾಗಲೂ ‘ಈ ಹಲಗೆಯನ್ನು ಮಾಡಿದವರು ಯಾರು?’ ಎಂಬ ಪ್ರಶ್ನೆ ನನ್ನ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಆ ಪ್ರಶ್ನಾವಳಿ ಬರೆದವನು ನಾನೇ.

*

ಹಲಗೆ ನೋಡಲು ಬಹಳ ಸರಳ. ಕಟ್ಟಿಗೆಯದೋ ಕಬ್ಬಿಣದ್ದೋ ಒಂದು ದುಂಡನೆಯ ಬಳೆ, ಅದರ ಒಂದೇ ಮುಖಕ್ಕೆ ಬಿಗಿದ ತೊಗಲು. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ನಡುವಿಗೆ ಬಿದ್ದಾಗ ಗುಂಯ್ ಎನ್ನುವ ತುಂಬು ಸದ್ದು, ತೆಳು ಕಡ್ಡಿ ಅಂಚಿಗೆ ತಾಗಿದಾಗ ಚಟಚಟ. ಈ ಎರಡರ ಜಗಳದಲ್ಲಿಯೇ ಹೆಜ್ಜೆಗೆ ಬೇಕಾದ ಗತ್ತು ಹುಟ್ಟುತ್ತದೆ.

ಸರಳವಲ್ಲದ್ದು ತೊಗಲಿನ ಕೆಲಸ. ಚಪ್ಪಲಿಗೆ, ಬಾರುಕೋಲಿಗೆ ಬೇಕಾದ ತೊಗಲನ್ನು ಸುಣ್ಣ, ತೊಗಟೆಯ ನೀರಿನಲ್ಲಿ ಹಾಕಿ ಹದ ಮಾಡುತ್ತಾರೆ. ಹದವಾದ ತೊಗಲು ಮೆತ್ತಗಾಗುತ್ತದೆ, ಬಾಳಿಕೆ ಬರುತ್ತದೆ, ಆದರೆ ದನಿ ಕಳೆದುಕೊಳ್ಳುತ್ತದೆ. ಹಲಗೆಗೆ ಬೇಕಾದದ್ದು ಹದ ಮಾಡದ ಹಸಿ ತೊಗಲು. ಅದನ್ನು ನೆನೆಹಾಕಿ, ಕೂದಲು ಕೆರೆದು, ಒಳಮೈಯ ಮಾಂಸದ ಪೊರೆ ತೆಗೆದು, ಎಲ್ಲ ಕಡೆ ಒಂದೇ ತೆಳುವಿಗೆ ತಂದು, ಒದ್ದೆಯಿರುವಾಗಲೇ ಬಳೆಗೆ ಎಳೆದು ಕಟ್ಟಿ ಬಿಸಿಲಿಗೆ ಇಡಬೇಕು. ಒಣಗುತ್ತ ಅದು ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಒಂದು ಕಡೆ ದಪ್ಪ ಉಳಿದರೆ ದನಿ ಒಡೆಯುತ್ತದೆ, ಬಹಳ ಕೆರೆದರೆ ಬಾರಿಸುವಾಗ ಹರಿಯುತ್ತದೆ. ಯಾವ ಪ್ರಾಣಿಯ ತೊಗಲು, ಎಷ್ಟು ವಯಸ್ಸಿನದು, ಹೊಟ್ಟೆಯ ಭಾಗದ್ದೋ ಬೆನ್ನಿನದೋ, ಇದೆಲ್ಲ ಬೆರಳಿನ ತುದಿಗೆ ತಿಳಿಯಬೇಕಾದ ವಿದ್ಯೆ.

ಹಾಗೆ ಮಾಡಿದ ಹಲಗೆ ಗಾಳಿಯ ತೇವಕ್ಕೆ ಸಡಿಲಾಗುತ್ತದೆ. ಅದಕ್ಕೇ ಬಾರಿಸುವ ಮುಂಚೆ ಹುಲ್ಲೋ ಕಸವೋ ಒಟ್ಟಿ ಬೆಂಕಿ ಹಚ್ಚಿ ಹಲಗೆಯನ್ನು ಕಾಯಿಸುತ್ತಾರೆ. ತೇವ ಆರಿ, ತೊಗಲು ಬಿಗಿದು, ಶ್ರುತಿ ಏರುತ್ತದೆ. ಬೆರಳಿನಿಂದ ಮೀಟಿ ನೋಡಿ, ಮತ್ತೆ ಬೆಂಕಿಗೆ ಹಿಡಿದು, ಮತ್ತೆ ಮೀಟುವ ಆ ಗಳಿಗೆ ನನಗೆ ಸಂಗೀತ ಕಛೇರಿಯಲ್ಲಿ ತಬಲಾದವರು ಸುತ್ತಿಗೆಯಿಂದ ತಟ್ಟುತ್ತ ಶ್ರುತಿ ಕೂಡಿಸುವುದನ್ನು ನೆನಪಿಸುತ್ತದೆ. ಅಲ್ಲಿ ನಾವು ಸುಮ್ಮನೆ ಗೌರವದಿಂದ ಕಾಯುತ್ತೇವೆ. ಇಲ್ಲಿ ‘ಲಗೂ ಶುರು ಮಾಡ್ರೋ’ ಎಂದು ಕೂಗುತ್ತೇವೆ.

ಇದೇ ತೊಗಲಿನ ವಿದ್ಯೆ ದೊಡ್ಡದಾಗಿ ಕಾಣುವುದು ಜಗ್ಗಲಿಗೆಯಲ್ಲಿ. ಹುಬ್ಬಳ್ಳಿ ತಾಲ್ಲೂಕಿನ ಬ್ಯಾಹಟ್ಟಿಯ ಕಡೆ ಹೆಸರಾದ ಈ ವಾದ್ಯಕ್ಕೆ ಚಕ್ಕಡಿಯ ಗಾಲಿಯೇ ಬಳೆ, ಎಮ್ಮೆಯ ತೊಗಲೇ ಮುಖ. ಹೊತ್ತು ನಡೆಯಲಾಗದಷ್ಟು ದೊಡ್ಡದು. ಹೋಳಿಗೆ, ಯುಗಾದಿಗೆ ನೆಲದ ಮೇಲೆ ಉರುಳಿಸುತ್ತ ಬಾರಿಸುತ್ತ ಸಾಗುತ್ತಾರೆ. ಸುಮಾರು ಹದಿನೈದು ಮಂದಿಯ ಈ ಮೇಳವನ್ನು ನಡೆಸುವುದು ಮಾತ್ರ ಒಂದು ಪುಟ್ಟ ವಾದ್ಯ. ಮಣ್ಣಿನ ಬಳೆಗೆ ಕರುವಿನ ತೊಗಲು ಹೊದಿಸಿದ ಕಣಿಹಲಗೆ. ಗುಡುಗಿನಂಥ ಹತ್ತಾರು ಜಗ್ಗಲಿಗೆಗಳು ಅಂಗೈಯಗಲದ ಕಣಿಹಲಗೆಯ ಚುರುಕು ದನಿಗೆ ಕಿವಿಗೊಟ್ಟು ತಿರುಗುತ್ತವೆ, ನಿಲ್ಲುತ್ತವೆ, ಗತಿ ಬದಲಿಸುತ್ತವೆ. ಒಕ್ಕಲುತನದ ಗಾಲಿ, ದನದ ತೊಗಲು, ಕುಂಬಾರನ ಮಣ್ಣು ಮೂರೂ ಕೂಡಿದ ಈ ವಾದ್ಯ ಇಡೀ ಊರಿನ ದುಡಿಮೆಯ ಲೆಕ್ಕ ಹೇಳುತ್ತದೆ. ಟ್ರ್ಯಾಕ್ಟರು, ಟಾಯರಿನ ಗಾಡಿ ಬಂದು ಕಟ್ಟಿಗೆಯ ಗಾಲಿ ಅಪರೂಪವಾದಂತೆ ಹೊಸ ಜಗ್ಗಲಿಗೆ ಹುಟ್ಟುವುದೂ ಕಷ್ಟವಾಗಿದೆ.

*

ಇನ್ನು ಈ ವಾದ್ಯ ಎಲ್ಲಿ, ಯಾಕೆ ಬಾರಿಸುತ್ತದೆ ಎಂಬ ಪ್ರಶ್ನೆ. ನಮ್ಮ ಕಡೆಯ ಹೋಳಿಯನ್ನು ಬಣ್ಣದ ಹಬ್ಬ ಎನ್ನುವುದು ಅರ್ಧ ಸತ್ಯ. ಅದು ಮೊದಲು ಒಂದು ಸಾವಿನ ಆಚರಣೆ. ಕಾಮಣ್ಣ ಸಾಯುತ್ತಾನೆ. ಗಂಡಸರು ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತಾರೆ. ಕದ್ದು ತಂದ ಕುಳ್ಳು ಕಟ್ಟಿಗೆಯಲ್ಲಿ ಅವನನ್ನು ಸುಡುತ್ತಾರೆ. ಹೆಣದ ಮೆರವಣಿಗೆಯ ಸೋಗೂ ನಡೆಯುತ್ತದೆ. ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ದೂರದೂರದ ಮಂದಿ ಹರಕೆ ಹೊತ್ತು ಸಾಲು ನಿಲ್ಲುತ್ತಾರೆ. ಆ ದೇವರಲ್ಲಿ ಮಕ್ಕಳನ್ನು, ಮದುವೆಯನ್ನು ಬೇಡುತ್ತಾರೆ. ಈ ಸಾವಿನ ಸುತ್ತ ಹಗಲಿರುಳು ಹಲಗೆ.

ಮೊಹರಂ ಕೂಡ ಹಾಗೆಯೇ. ಮುಸ್ಲಿಮರ ಮನೆಗಳೇ ಇಲ್ಲದ ಊರುಗಳಲ್ಲಿಯೂ ಉತ್ತರ ಕರ್ನಾಟಕದಲ್ಲಿ ಅಲಾಯಿ ದೇವರು ಕೂರುತ್ತವೆ. ಕತ್ತಲ ರಾತ್ರಿಯಲ್ಲಿ ಅಲಾಯಿ ಕುಣಿಯ ಕೆಂಡದ ಸುತ್ತ ಹೆಜ್ಜೆಮೇಳದವರು ಹಸನ್ ಹುಸೇನರ ಸಾವಿನ ಕಥೆಯನ್ನು ಕನ್ನಡದ ಪದಗಳಲ್ಲಿ ಹಾಡುತ್ತಾರೆ. ಅಲ್ಲಿಯೂ ಹೆಜ್ಜೆಗೆ ಹಲಗೆ, ಹಲಗೆ ಕಾಯಿಸಲು ಬೆಂಕಿ.

ದೇವರ ಸಾವಿಗೆ ಚರ್ಮವಾದ್ಯ ಬಾರಿಸುವುದು ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಸ್ಪೇನಿನ ಅರಗಾನ್ ಪ್ರಾಂತದ ಕಲಾಂದಾ ಎಂಬ ಸಣ್ಣ ಊರಿನಲ್ಲಿ ಶುಭ ಶುಕ್ರವಾರದ ನಡುಮಧ್ಯಾಹ್ನ, ಕ್ರಿಸ್ತ ಶಿಲುಬೆಯ ಮೇಲಿದ್ದ ಹೊತ್ತಿನ ನೆನಪಿಗೆ, ಚೌಕದಲ್ಲಿ ನೆರೆದ ಜನ ಒಮ್ಮೆಲೇ ಡೋಲು ಬಾರಿಸಲು ತೊಡಗುತ್ತಾರೆ. ಮರುದಿನ ಮಧ್ಯಾಹ್ನದವರೆಗೆ ಅದು ನಿಲ್ಲುವುದಿಲ್ಲ. ಕ್ರಿಸ್ತ ಸತ್ತಾಗ ಭೂಮಿ ನಡುಗಿತೆಂಬ ಕಥೆಯನ್ನು ಅವರು ಕೈಯಿಂದ ಹೇಳುತ್ತಾರೆ. ಬಾರಿಸಿ ಬಾರಿಸಿ ಬೆರಳಿನ ಗೆಣ್ಣು ಸುಲಿದು ರಕ್ತ ಬರುವುದು ಅಲ್ಲಿ ಹೆಮ್ಮೆಯ ಸಂಗತಿ. ಸಿನಿಮಾ ನಿರ್ದೇಶಕ ಲೂಯಿ ಬುನ್ಯುಎಲ್ 1900ರಲ್ಲಿ ಹುಟ್ಟಿದ್ದು ಆ ಊರಿನಲ್ಲಿಯೇ. ದೇವರನ್ನು ನಂಬದ ಆತ ತನ್ನ 1930ರ ‘ಲಾಜ್ ದೋರ್’, 1959ರ ‘ನಜಾರಿನ್’ ಚಿತ್ರಗಳಲ್ಲಿ ಊರಿನ ಆ ಡೋಲಿನ ಸದ್ದನ್ನು ಬಳಸಿದ. ನಂಬಿಕೆ ಹೋದ ಮೇಲೂ ಬಾರಿಸಿದ ಗತ್ತು ಮೈಯಲ್ಲಿ ಉಳಿಯುತ್ತದೆ. 2018ರಲ್ಲಿ ಯುನೆಸ್ಕೊ ಸ್ಪೇನಿನ ಹಲವು ಊರುಗಳ ಈ ಆಚರಣೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಮ, ಹುಸೇನ್, ಕ್ರಿಸ್ತ. ಮೂರೂ ಕಡೆ ಸತ್ತವನು ದೊಡ್ಡವನು, ಅಳುವುದು ಇಡೀ ಊರು, ಅಳುವ ಬಗೆ ತೊಗಲಿಗೆ ಹೊಡೆಯುವುದು. ತುಲನಾತ್ಮಕ ಅಧ್ಯಯನದ ಹುಕಿಯಲ್ಲಿ ಇಲ್ಲಿಗೇ ನಿಲ್ಲಿಸಿ ‘ಮಾನವಕುಲದ ಏಕತೆ’ ಎಂದು ಮುಗಿಸಬಹುದು. ನನ್ನ ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಆದರೆ ಒಂದು ವ್ಯತ್ಯಾಸ ಅಷ್ಟು ಸುಲಭವಾಗಿ ಕರಗುವುದಿಲ್ಲ. ಕಲಾಂದಾದಲ್ಲಿ ಡೋಲು ಬಾರಿಸುವವನನ್ನು ಆ ಕಾರಣಕ್ಕೆ ಯಾರೂ ಊರ ಹೊರಗೆ ಇಟ್ಟಿಲ್ಲ.

*

ಹೋಳಿಯ ದಿನಗಳಲ್ಲಿ ನಮ್ಮೂರಿನಲ್ಲಿ ಹಲಗೆ ಎಲ್ಲರ ಕೈಗೂ ಬರುತ್ತದೆ. ಗೌಡರ ಹುಡುಗ, ಬಣಜಿಗರ ಹುಡುಗ, ಕುರುಬರ ಹುಡುಗ, ಎಲ್ಲರೂ ಹೆಗಲಿಗೆ ಹಾಕಿಕೊಂಡು ಬಡಿಯುತ್ತಾರೆ. ನಾನೂ ಬಡಿದಿದ್ದೇನೆ. ನಮ್ಮದು ಒಕ್ಕಲುತನದ ಮನೆ. ಹೋಳಿಗೆ ಹಲಗೆ ಹಿಡಿದರೆ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ಬಣ್ಣದ ದಿನ ಮುಗಿದು ಜಳಕ ಮಾಡಿದ ಮೇಲೆ ಅದೇ ಹಲಗೆಯನ್ನು ಅಪ್ಪಿತಪ್ಪಿ ಅಂಗಳಕ್ಕೆ ತಂದಿದ್ದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಕಾಮಣ್ಣ ಸತ್ತಾಗ ಹಲಗೆ ಊರಿನದು. ಊರಿನಲ್ಲಿ ಯಾರಾದರೂ ಸತ್ತಾಗ ಹಲಗೆ ಕೇರಿಯದು. ಹೆಣದ ಮುಂದೆ ಬಾರಿಸುವುದು, ಡಂಗುರ ಸಾರುವುದು, ದ್ಯಾಮವ್ವನ ಜಾತ್ರೆಗೆ ಬಾರಿಸುವುದು, ಇದೆಲ್ಲ ಇಂಥ ಮನೆಯವರು ಮಾಡಲೇಬೇಕಾದ ಚಾಕರಿ. ಹಬ್ಬದಲ್ಲಿ ಆಟವಾಗಿದ್ದದ್ದು ಉಳಿದ ದಿನಗಳಲ್ಲಿ ಕಡ್ಡಾಯವಾಗುತ್ತದೆ. ವಾದ್ಯ ಒಂದೇ, ತಾಳವೂ ಬಹುಪಾಲು ಒಂದೇ. ಕೈ ಬದಲಾದರೆ ಅರ್ಥ ಬದಲಾಗುತ್ತದೆ.

ಈ ಅರ್ಥ ಭಾಷೆಯಲ್ಲಿಯೂ ಕೂತಿದೆ. ಹಳಗನ್ನಡದ ‘ಪಱೆ’, ಇಂದಿನ ‘ಹರೆ’, ತಮಿಳಿನ ‘ಪರೈ’ ಒಂದೇ ಬೇರಿನವು. ಪಂಪನ ಹುಟ್ಟೂರೆಂದು ಹೇಳುವ ಅಣ್ಣಿಗೇರಿ ನಮ್ಮ ಪಕ್ಕದಲ್ಲೇ ಇದೆ. ನಮ್ಮ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಪಱೆ ಮೊಳಗಿದರೆ ಅದು ವೀರರಸ. ಪರೈ ಬಾರಿಸುವವರ ಜಾತಿಯ ಹೆಸರು ಮಾತ್ರ ಇಂಗ್ಲಿಷಿನ ನಿಘಂಟಿಗೆ ಹೋಗಿ ‘ಬಹಿಷ್ಕೃತ’ ಎಂಬ ಅರ್ಥದ ಪದವಾಯಿತು.

ತೊಗಲಿನ ಪ್ರಶ್ನೆ ಇದಕ್ಕಿಂತ ಕಠಿಣ. ಹಲಗೆಗೆ ಹಸಿ ತೊಗಲು ಬೇಕು, ತೊಗಲಿಗೆ ಸತ್ತ ದನವನ್ನು ಹೊತ್ತು ಸುಲಿಯುವವರು ಬೇಕು. 1927ರ ಮಾರ್ಚ್‌ನಲ್ಲಿ ಮಹಾಡದ ಸಮಾವೇಶದಲ್ಲಿ ಅಂಬೇಡ್ಕರರು ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟರು. ಸತ್ತ ದನ ಹೊರುವ ಕೆಲಸವನ್ನೂ ಬಿಡಬೇಕೆಂಬ ಮಾತು ಆ ಚಳವಳಿಯ ಭಾಗವಾಯಿತು. ಮರುವರ್ಷ, 1928ರಲ್ಲಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ ವತನದ ಹೆಸರಿನ ಊರಚಾಕರಿಯನ್ನು ಸಡಿಲಿಸಲು 1874ರ ಕಾಯ್ದೆಗೆ ತಿದ್ದುಪಡಿಯ ಮಸೂದೆ ತಂದರು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿಯೇ ಇತ್ತು. ಏಕೀಕರಣದ ನಂತರ 1961ರಲ್ಲಿ ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ಕಾಯ್ದೆಯಲ್ಲಿ ಹೋದದ್ದು ಊರಿನಲ್ಲಿ ಹೋಗಲು ಬಹಳ ಕಾಲ ಬೇಕಾಯಿತು. ಬಾರಿಸುವುದಿಲ್ಲ ಎಂದವರಿಗೆ ಊರಿನಲ್ಲಿ ಏನಾಗುತ್ತಿತ್ತು ಎಂಬುದನ್ನು ಕೇರಿಯ ಹಿರಿಯರು ಇವತ್ತಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ.

ಹೀಗಿರುವಾಗ ‘ನಶಿಸುತ್ತಿರುವ ಕಲೆಯನ್ನು ಉಳಿಸಬೇಕು’ ಎಂಬ ನಮ್ಮ ಸೆಮಿನಾರಿನ ವಾಕ್ಯಕ್ಕೆ ಏನು ಬೆಲೆ? ಯಾರು ಉಳಿಸಬೇಕು? ಹಲಗೆಯನ್ನು ಕೆಳಗಿಟ್ಟ ಕೈಗೆ ಮತ್ತೆ ಹಲಗೆ ಕೊಡಲು ಹೊರಟ ನಾವು ಯಾರು?

*

ನಮ್ಮ ಸಾಹಿತ್ಯ ವಿಮರ್ಶೆ ಈ ಪ್ರಶ್ನೆಯ ಹತ್ತಿರ ಬಂದು ತಿರುಗಿ ಹೋದ ಒಂದು ಉದಾಹರಣೆ ಇದೆ. ಕನ್ನಡ ಕಾದಂಬರಿಯ ಅತಿ ಪ್ರಸಿದ್ಧ ಚರ್ಮವಾದ್ಯ ಚೋಮನದು. ಕಾರಂತರ ‘ಚೋಮನ ದುಡಿ’ 1933ರದು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದ ಮೇಲೆ ಓದದವರಿಗೂ ಆ ಸದ್ದು ಗೊತ್ತು. ದುಡಿಯನ್ನು ನಾವು ಚೋಮನ ದುಃಖದ, ಸಿಟ್ಟಿನ, ಒಂಟಿತನದ ಸಂಕೇತವೆಂದು ಓದಿದೆವು. ಓದು ತಪ್ಪಲ್ಲ. ಆದರೆ ‘ಸಂಕೇತ’ ಎಂದ ಕ್ಷಣವೇ ದುಡಿ ಒಂದು ವಸ್ತುವಾಗಿ ಉಳಿಯುವುದಿಲ್ಲ. ಹೊಲ ಸಿಗದ ಚೋಮನಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದ ಕೆಲವೇ ವಸ್ತುಗಳಲ್ಲಿ ಅದೊಂದು. ಉಳುವ ಹಕ್ಕು ಇಲ್ಲದವನಿಗೆ ಬಾರಿಸುವ ಹಕ್ಕು ಇತ್ತು. ಆ ಹಕ್ಕನ್ನು ಯಾರೂ ಕಿತ್ತುಕೊಳ್ಳದಿದ್ದುದಕ್ಕೆ ಕಾರಣ, ಅದನ್ನು ಬೇರೆ ಯಾರೂ ಬಯಸಲಿಲ್ಲ. ಈ ಕಹಿ ಲೆಕ್ಕ ನಮ್ಮ ಓದಿನಲ್ಲಿ ಬರಲಿಲ್ಲ.

ಕುಂದಗೋಳಕ್ಕೆ ಬನ್ನಿ. ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತದ್ದು ಅವರಲ್ಲಿ. ನಾಡಿಗೇರ ವಾಡೆಯಲ್ಲಿ ಅವರ ನೆನಪಿನ ಸಂಗೀತೋತ್ಸವಕ್ಕೆ ಹೋದವರು ಬೆಳಗಿನ ಜಾವದವರೆಗೆ ಕೂತು ಕೇಳುತ್ತಾರೆ. ನಾನೂ ಕೂತಿದ್ದೇನೆ. ಅಲ್ಲಿ ವೇದಿಕೆಯ ಮೇಲಿರುವ ತಬಲಾದ ಮುಖವೂ ತೊಗಲೇ. ಆಡಿನದು. ಅದನ್ನೂ ಯಾರೋ ಸುಲಿದಿದ್ದಾರೆ, ಕೆರೆದಿದ್ದಾರೆ, ಬಿಗಿದಿದ್ದಾರೆ. ಆದರೆ ಅಲ್ಲಿ ತೊಗಲು ತನ್ನ ಮೂಲವನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತದೆ. ಟಿ.ಎಂ. ಕೃಷ್ಣ 2020ರಲ್ಲಿ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಮೃದಂಗ ತಯಾರಕರ ಚರಿತ್ರೆ. ಶಾಸ್ತ್ರೀಯ ಸಂಗೀತದ ಪವಿತ್ರ ವಾದ್ಯದ ಹಿಂದೆ ಹಸುವಿನ ತೊಗಲು, ಅದನ್ನು ಮುಟ್ಟುವ ದಲಿತ ಕ್ರೈಸ್ತ ಕುಟುಂಬಗಳು ಇವೆ ಎಂದು ಅದು ಹೆಸರು ಹಿಡಿದು ಹೇಳಿತು. ಪುಸ್ತಕ ಬಿಡುಗಡೆಗೆ ಮೊದಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಜಾಗ ಕೊಡಲಿಲ್ಲ. ತೊಗಲಿನ ಮಾತು ಎತ್ತಿದರೆ ನಾದದ ಮನೆಯಲ್ಲಿ ಎಷ್ಟು ಮುಜುಗರ ಎಂಬುದಕ್ಕೆ ಇದೇ ಸಾಕು.

ಆ ಪುಸ್ತಕದ ಗುಣ ನನಗೆ ಕಂಡದ್ದು ಅದರ ಸರಳ ಕ್ರಮದಲ್ಲಿ. ವಾದ್ಯವನ್ನು ಅದು ಬಾರಿಸುವ ತುದಿಯಿಂದ ನೋಡದೆ ಮಾಡುವ ತುದಿಯಿಂದ ನೋಡುತ್ತದೆ. ಹಲಗೆಗೆ ಬೇಕಾದದ್ದು ಇಂಥ ಓದು. ಹಲಗೆಯಲ್ಲಿ ಒಂದು ಅನುಕೂಲವೂ ಇದೆ. ಮೃದಂಗದಲ್ಲಿ ಮಾಡುವವರು ಒಬ್ಬರು, ನುಡಿಸಿ ಹೆಸರು ಪಡೆಯುವವರು ಇನ್ನೊಬ್ಬರು. ಹಲಗೆಯಲ್ಲಿ ಬಹುಮಟ್ಟಿಗೆ ಮಾಡುವ ಕೈ, ಕಾಯಿಸುವ ಕೈ, ಬಾರಿಸುವ ಕೈ ಒಂದೇ. ಹಾಗಾಗಿ ಮರೆವಿಗೆ ನೆಪವಿಲ್ಲ.

*

ಕಾಲ ಬದಲಾಗಿದೆ ಎಂಬುದೂ ನಿಜ. ಚಿಂತಾಮಣಿ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಮದುರೈ ಸೀಮೆಯ ಪರೈ ಕಲಾವಿದ ವೇಲು ಆಸಾನ್ ಅವರಿಗೆ 2025ರಲ್ಲಿ ಬಂತು. ತಮಿಳುನಾಡಿನಲ್ಲಿ ದಲಿತ ಚಳವಳಿಯೇ ಪರೈಯನ್ನು ಸಾವಿನ ಮನೆಯಿಂದ ಬಿಡಿಸಿ ಪ್ರತಿಭಟನೆಯ ವೇದಿಕೆಗೆ ತಂದಿತು. ಕರ್ನಾಟಕದಲ್ಲಿಯೂ ದಲಿತ ಸಂಘರ್ಷದ ಹಾಡುಗಳ ಜೊತೆ ತಮಟೆ ಬೀದಿಗೆ ಬಂದದ್ದು ನಮಗೆ ಗೊತ್ತಿದೆ. ಬಿಡುವುದು ಒಂದು ದಾರಿ, ತನ್ನ ಷರತ್ತಿನ ಮೇಲೆ ಮತ್ತೆ ಹಿಡಿಯುವುದು ಇನ್ನೊಂದು ದಾರಿ. ಎರಡೂ ಸ್ವಾಭಿಮಾನದ ದಾರಿಗಳೇ.

ನನಗೆ ಅನುಮಾನ ಬರುವುದು ಮೂರನೆಯ ದಾರಿಯ ಬಗ್ಗೆ. ಹುಬ್ಬಳ್ಳಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೋಳಿಯ ಹೊತ್ತಿಗೆ ಜಗ್ಗಲಿಗೆ ಹಬ್ಬವೆಂದೇ ದೊಡ್ಡ ಮೆರವಣಿಗೆ ನಡೆಯುತ್ತದೆ. ಹಳ್ಳಿಗಳಿಂದ ಬಂದ ಮೇಳಗಳನ್ನು ಒಂದೇ ಬೀದಿಯಲ್ಲಿ ಕೇಳುವುದು ಮೈ ಝುಂ ಎನ್ನುವ ಅನುಭವ, ಸುಳ್ಳು ಹೇಳಲಾರೆ. ಆದರೆ ಉತ್ಸವದ ವೇದಿಕೆ ಹಲಗೆಯಿಂದ ಅದರ ಸಾವನ್ನು ಕಳೆದುಬಿಡುತ್ತದೆ. ಅಲ್ಲಿ ಉಳಿಯುವುದು ‘ನಮ್ಮ ನೆಲದ ಗಂಡುಮೆಟ್ಟಿನ ನಾದ’ ಎಂಬ ನಿರೂಪಕರ ಮಾತು. ಯಾರ ನೆಲ, ಯಾರ ನಾದ ಎಂದು ಯಾರೂ ಕೇಳುವುದಿಲ್ಲ. ಇತ್ತ ಪೇಟೆಯಲ್ಲಿ ಪ್ಲಾಸ್ಟಿಕ್ ಹಾಳೆ ಬಿಗಿದ ಹಲಗೆ ಬಂದಿದೆ. ಬೆಂಕಿ ಬೇಡ, ಮಳೆಗೆ ಸಡಿಲಾಗದು, ಮುಟ್ಟಿದರೆ ಮೈಲಿಗೆ ಎನ್ನುವ ಅಜ್ಜಿಯೂ ಸುಮ್ಮನಾಗುತ್ತಾಳೆ. ಕಲಾಂದಾದಂಥ ಊರುಗಳಲ್ಲಿಯೂ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಅಲ್ಲಿ ಅದು ಅನುಕೂಲದ ಮಾತು. ಇಲ್ಲಿ ಅದರಲ್ಲಿ ಜಾತಿಯ ಮಾತ್ರವೂ ಬೆರೆತಿದೆ. ತೊಗಲನ್ನು ಬಿಡಿಸಿ ನಾದವನ್ನು ಮಾತ್ರ ಮನೆಯೊಳಗೆ ಕರೆದುಕೊಳ್ಳುವ ಉಪಾಯ ಇದು. ಪ್ಲಾಸ್ಟಿಕ್ಕಿನ ಸದ್ದು ಕರ್ಕಶ ಎಂದು ದೂರುವ ನಮ್ಮಂಥ ರಸಿಕರು, ಒಳ್ಳೆಯ ಸದ್ದಿಗೆ ಯಾರೋ ಒಬ್ಬರು ಸತ್ತ ದನದ ಮುಂದೆ ಕೂರಬೇಕಿತ್ತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಹಾಗಾದರೆ ವಿಮರ್ಶೆ ಏನು ಮಾಡಬೇಕು? ಕಲೆಯನ್ನು ಉಳಿಸುವ ಗುತ್ತಿಗೆ ಅದಕ್ಕೆ ಬೇಡ. ಮೊದಲನೆಯದಾಗಿ ಹಾಡನ್ನು ಹಲಗೆಯೊಂದಿಗೆ ಕೇಳಬೇಕು. ಎರಡನೆಯದಾಗಿ ಹಲಗೆಯ ಕೆಲಸವನ್ನು ವಿದ್ಯೆಯೆಂದು ಬರೆಯಬೇಕು, ಬಯಸಿದವರ ಹೆಸರನ್ನು ಹಾಡುಗಾರರ ಪಕ್ಕದಲ್ಲಿ ಹಾಕಬೇಕು. ಮೂರನೆಯದು ಕಷ್ಟದ್ದು. ಬಾರಿಸುವುದನ್ನು ಬಿಟ್ಟವರನ್ನು ‘ಪರಂಪರೆ ಕಳೆದುಕೊಂಡವರು’ ಎಂದು ಬರೆಯುವುದನ್ನು ನಿಲ್ಲಿಸಬೇಕು. ಅವರು ಬಿಟ್ಟದ್ದು ಆ ವಾದ್ಯದ ಚರಿತ್ರೆಯಲ್ಲಿ ನಡೆದ ಒಂದು ದೊಡ್ಡ ಘಟನೆ. ಅದನ್ನೂ ಒಂದು ಪಠ್ಯದಂತೆ ಓದಬೇಕು.

*

ಈ ವರ್ಷದ ಹೋಳಿಗೆ ಮತ್ತೆ ಊರಿಗೆ ಹೋಗಿದ್ದೆ. ನಾಲ್ಕು ಹಲಗೆಗಳಲ್ಲಿ ಎರಡು ಉಳಿದಿದ್ದವು, ಅದರಲ್ಲಿ ಒಂದು ಪ್ಲಾಸ್ಟಿಕ್ಕಿನದು. ಆ ಹಿರಿಯರು ಕಟ್ಟೆಯ ಬದಿಗೆ ಕೂತಿದ್ದರು. ಭುಜ ನೋವಂತೆ, ಈಗ ಬಾರಿಸುವುದಿಲ್ಲ. ‘ಮಗ ಬಾರಸ್ತಾನೇನು ಕಾಕಾ?’ ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕರು. ‘ಅಂವಾ ಸಾಲ್ಯಾಗ ಮಾಸ್ತರ ಅದಾನ್ರಿ ಸರ. ಕರೀ ಹಲಗಿ ಮುಂದ ನಿಂದರತಾನ. ಈ ಹಲಗಿ ಅವಂಗ ಯಾಕ್ ಬೇಕ್ರಿ?’ ಎಂದರು. ದನಿಯಲ್ಲಿ ಬೇಸರ ಇರಲಿಲ್ಲ.

ಅವರಿಗೆ ಎಪ್ಪತ್ತು ದಾಟಿದೆ, ನನಗೆ ಇಪ್ಪತ್ತೆಂಟು. ಅವರು ನನಗೆ ‘ರೀ’ ಹಚ್ಚಿ ಮಾತಾಡುತ್ತಾರೆ. ನಮ್ಮಜ್ಜ ಬದುಕಿದ್ದಾಗ ಅವರನ್ನು ‘ಲೇ’ ಎಂದೇ ಕರೆಯುತ್ತಿದ್ದ. ನಾನು ‘ಕಾಕಾ’ ಎನ್ನಲು ಕಲಿತದ್ದು ಧಾರವಾಡಕ್ಕೆ ಹೋದ ಮೇಲೆ. ನಾನು ರೆಕಾರ್ಡರ್ ತೆಗೆದಾಗ ಅವರು, ‘ಈ ಸಲ ಹಲಗಿ ನಿಂದರ್ಸೂದು ಬ್ಯಾಡೇನ್ರಿ?’ ಎಂದು ಕೇಳಿದರು. ಮೂರು ವರ್ಷದ ಹಿಂದಿನದು ಅವರಿಗೂ ನೆನಪಿತ್ತು.

ಬೇಡ ಎಂದೆ. ಎರಡು ಹಲಗೆಗಳ ಸದ್ದಿನಲ್ಲಿ ಪದಗಳು ಅರ್ಧಕ್ಕರ್ಧ ಕೇಳಲಿಲ್ಲ. ಕೇಳದಿದ್ದಲ್ಲಿ ಹಾಗೆಯೇ ಖಾಲಿ ಬಿಟ್ಟು ಬರೆದಿದ್ದೇನೆ. ಹಳೆಯ 22 ಪದಗಳನ್ನೂ ಪ್ರಬಂಧದಿಂದ ತೆಗೆದಿಲ್ಲ. ಪ್ರತಿಯೊಂದರ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ‘ಹಲಗೆಯನ್ನು ನಿಲ್ಲಿಸಿ ದಾಖಲಿಸಿದ್ದು. ನಿಲ್ಲಿಸಲು ಹೇಳಿದವನು ಸಂಶೋಧಕ.’